ಎಸ್ಪ್ರೆಸೊ ಮಷೀನಿಗೆ ತಾನಾಗಿ ಓಡುವ ಶಾಟ್ ಟೈಮರ್: 230 ವೋಲ್ಟ್ ಮುಟ್ಟದೆ ಆಗುತ್ತಾ?

ಕಾಫಿಪಾತ್ರೆ · ಶನಿವಾರ ಬೆಳಗ್ಗೆ 8:12

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಗಾಜಿಯಾ ಕ್ಲಾಸಿಕ್ ಎಂಬ ಎಸ್ಪ್ರೆಸೊ ಮಷೀನ್. ಮೂರು ಸ್ವಿಚ್, ಒಂದು ಬಾಯ್ಲರ್, ಅಷ್ಟೇ. ಟೈಮರ್ ಇಲ್ಲ, ಪರದೆ ಇಲ್ಲ. 18 ಗ್ರಾಂ ಪುಡಿ ಹಾಕಿ 36 ಗ್ರಾಂ ಕಾಫಿ ಇಳಿಸುತ್ತೇನೆ, 25ರಿಂದ 30 ಸೆಕೆಂಡಿನೊಳಗೆ. ಹೀಗೆ ಒಂದು ಸಲ ಇಳಿಸಿದ್ದೇ ಒಂದು ಶಾಟ್. ಹೇಳಲು ಸುಲಭ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಸ್ವಿಚ್ ಮೇಲೆ, ಮೊಬೈಲಿನ ಸ್ಟಾಪ್‌ವಾಚ್ ಒತ್ತಲು ಮೂರನೇ ಕೈ ಬೇಕು. ಒದ್ದೆ ಬೆರಳಿಗೆ ಮೊಬೈಲ್ ಪರದೆ ಕೇಳುವುದೂ ಇಲ್ಲ.

ಸದ್ಯಕ್ಕೆ ಅಮ್ಮ ಪಕ್ಕದಲ್ಲಿ ನಿಂತು ಒಂದು, ಎರಡು, ಮೂರು ಅಂತ ಎಣಿಸುತ್ತಾರೆ. ಹನ್ನೆರಡಕ್ಕೆ ಹಾಲಿನವನು ಬೆಲ್ ಮಾಡಿದರೆ ಅಲ್ಲಿಗೆ ಮುಗಿಯಿತು.

ಪಂಪ್ ಶುರುವಾದ ಕೂಡಲೇ ಎಣಿಕೆ ಶುರುವಾಗಬೇಕು, ನಿಂತಾಗ ನಿಲ್ಲಬೇಕು, ಕೊನೆಯ ಸಂಖ್ಯೆ ಸ್ವಲ್ಪ ಹೊತ್ತು ಕಾಣುತ್ತಿರಬೇಕು. ನನಗೆ ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತದೆ. ಆದರೆ ಕರೆಂಟಿನ ವೈರ್ ಕತ್ತರಿಸುವ ಧೈರ್ಯ ಇಲ್ಲ. ಯಾರಾದರೂ ಮಾಡಿದ್ದೀರಾ?

ಎರಡನೇಲೋಟ · ಶನಿವಾರ ಬೆಳಗ್ಗೆ 8:40

ಟೈಮರ್ ಇರುವ ತೂಕದ ಮಷೀನ್ ಸಿಗುತ್ತದೆ. ಲೋಟ ಇಟ್ಟ ಮೇಲೆ ಹನಿ ಬಿದ್ದರೆ ತಾನೇ ಎಣಿಸುತ್ತದೆ. ದುಡ್ಡು ಕೊಟ್ಟು ತಂದು ಇಟ್ಟರೆ ಮುಗಿಯಿತು. ಇರೋ ಮಷೀನ್ ಬಿಚ್ಚಿ ಯಾಕೆ ತೊಂದರೆ?

ನಮ್ಮ ಅಜ್ಜಿ ರಾತ್ರಿ ಫಿಲ್ಟರಿಗೆ ನೀರು ಹಾಕಿ ಮಲಗುತ್ತಿದ್ದರು. ಬೆಳಗ್ಗೆ ಎದ್ದಾಗ ಡಿಕಾಕ್ಷನ್ ಇಳಿದಿರುತ್ತಿತ್ತು. ಎಷ್ಟು ಸೆಕೆಂಡ್ ಅಂತ ಯಾರೂ ಕೇಳಲಿಲ್ಲ.

ಫ್ಯೂಸ್‌ಹೋಯ್ತು · ಶನಿವಾರ ಬೆಳಗ್ಗೆ 9:25

ಧೈರ್ಯ ಇಲ್ಲ ಅಂದಿರಲ್ಲ, ಒಳ್ಳೆಯದೇ. ಹಾಗೇ ಇಟ್ಟುಕೊಳ್ಳಿ. ನಾನು ಇಪ್ಪತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ನೀರು, ಕಬ್ಬಿಣದ ಪೆಟ್ಟಿಗೆ, 230 ವೋಲ್ಟ್ ಮೂರೂ ಒಂದೇ ಕಡೆ ಇರುವ ಸಾಮಾನು ಅಡುಗೆಮನೆಯಲ್ಲಿ ಇದೊಂದೇ ಅಲ್ಲ, ಆದರೆ ಜನ ಬಿಚ್ಚಿ ಆಟ ಆಡುವುದು ಇದನ್ನೇ ಜಾಸ್ತಿ.

ನೆಟ್‌ನಲ್ಲಿ ಕೆಲವರು ಪಂಪಿನ ಎರಡು ತುದಿಗೆ ರೆಸಿಸ್ಟರ್ ಹಾಕಿ ಆಪ್ಟೋಕಪ್ಲರ್ (ವೈರ್ ತಾಗಿಸದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್) ಮೂಲಕ ಸಿಗ್ನಲ್ ತೆಗೆಯುತ್ತಾರೆ. ವಿದ್ಯೆ ತಿಳಿದವರಿಗೆ ಅದು ಸರಿ. ಆದರೆ ರೆಸಿಸ್ಟರಿನ ವ್ಯಾಟೇಜ್ ಕಡಿಮೆ ಇದ್ದರೆ ಕಾದು ಸುಡುತ್ತದೆ. ಬಿಡಿಭಾಗ ಕೂರಿಸುವ ಹಲಗೆ, ಅಂದರೆ ಪಿಸಿಬಿ ಮೇಲೆ 230 ವೋಲ್ಟಿನ ಕಡೆಗೂ 5 ವೋಲ್ಟಿನ ಕಡೆಗೂ ಸಾಕಷ್ಟು ಅಂತರ ಬೇಕು. ಕಾಫಿ ಹಬೆ ಕೂತು ಅಂತರದಲ್ಲಿ ಪಸೆ ಹಿಡಿದರೆ? ನಿಮ್ಮ ಪರದೆಯ ಸ್ಕ್ರೂ ಮುಟ್ಟಿದಾಗ ಗೊತ್ತಾಗುತ್ತದೆ.

ಏನೇ ಮಾಡಿ, ಮುಚ್ಚಳ ತೆಗೆಯುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಬಾಯ್ಲರ್ ಆರಲು ಒಂದು ಗಂಟೆ ಬಿಡಿ. ಮನೆಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಇದೆಯಾ, ಅರ್ಥಿಂಗ್ ಸರಿ ಇದೆಯಾ, ಅದನ್ನು ಮೊದಲು ನೋಡಿ. ವಾರಂಟಿ ಇನ್ನೂ ಇದ್ದರೆ, ಬಿಚ್ಚಿದ ಮೇಲೆ ಅದನ್ನು ಮರೆತುಬಿಡಿ.

ಬೆಸುಗೆಕಡ್ಡಿ · ಶನಿವಾರ ಮಧ್ಯಾಹ್ನ 1:05

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಆದರೆ ದಾರಿ ಇದೆ. ವೈರ್ ಮುಟ್ಟುವುದೇ ಬೇಡ.

ಗಾಜಿಯಾದಂಥ ಮನೆ ಮಷೀನುಗಳಲ್ಲಿ ಹೆಚ್ಚಾಗಿ ಇರುವುದು ಉಲ್ಕಾ ಎಂಬ ವೈಬ್ರೇಟರಿ ಪಂಪ್. ಇದರಲ್ಲಿ ತಿರುಗುವ ಮೋಟರ್ ಇಲ್ಲ. ತಾಮ್ರದ ಕಾಯಿಲ್ ಒಳಗೆ ಒಂದು ಉಕ್ಕಿನ ಪಿಸ್ಟನ್, ಅದಕ್ಕೆ ಸ್ಪ್ರಿಂಗ್. ಪಂಪಿನೊಳಗೇ ಒಂದು ಡಯೋಡ್ ಇರುತ್ತದೆ, ಅದು ಕರೆಂಟಿನ ಅರ್ಧ ಅಲೆಯನ್ನು ಮಾತ್ರ ಬಿಡುತ್ತದೆ. ಆ ಅರ್ಧದಲ್ಲಿ ಅಯಸ್ಕಾಂತ ಪಿಸ್ಟನನ್ನು ಎಳೆಯುತ್ತದೆ, ಉಳಿದ ಅರ್ಧದಲ್ಲಿ ಸ್ಪ್ರಿಂಗ್ ತಳ್ಳುತ್ತದೆ. ನಮ್ಮಲ್ಲಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಏಟು. ಆ ಗುರ್ ಅನ್ನುವ ಸದ್ದು ಅದೇ.

ಅಂದರೆ ಪಂಪ್ ಓಡುವಾಗ ಅದರ ಸುತ್ತ ಸೆಕೆಂಡಿಗೆ 50 ಸಲ ಬಂದು ಹೋಗುವ ಅಯಸ್ಕಾಂತದ ಬಲ ಇರುತ್ತದೆ. ಪಕ್ಕದಲ್ಲಿ ಒಂದು ರೀಡ್ ಸ್ವಿಚ್ ಅಂಟಿಸಿದರೆ ಸಾಕು, ಅದು ಅಷ್ಟೇ ಸಲ ಮುಚ್ಚಿ ತೆರೆಯುತ್ತದೆ. ಬಾಗಿಲಿನ ಕಳ್ಳಗಂಟೆಯಲ್ಲಿ ಇರುತ್ತದಲ್ಲ, ಗಾಜಿನ ಸಣ್ಣ ಕೊಳವೆ, ಒಳಗೆ ಎರಡು ತೆಳು ಲೋಹದ ನಾಲಿಗೆ, ಅದೇ. ಮೇನ್ಸ್ ಜೊತೆ ಸಂಬಂಧವೇ ಇಲ್ಲ.

ಬೇಕಾಗುವ ಸಾಮಾನು: ವೆಮೋಸ್ ಡಿ1 ಮಿನಿ ಬೋರ್ಡ್ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್), 0.96 ಇಂಚಿನ ಓಎಲ್‌ಇಡಿ ಪರದೆ, ಒಂದು ರೀಡ್ ಸ್ವಿಚ್, ಸಿಲಿಕಾನ್ ಹೊದಿಕೆಯ ವೈರು, ಹಳೇ ಮೊಬೈಲ್ ಚಾರ್ಜರ್. ಕರೆಂಟನ್ನು ಮಷೀನ್ ಒಳಗಿಂದ ತೆಗೆಯಬೇಡಿ, ಹೊರಗಿನ ಚಾರ್ಜರಿನಿಂದಲೇ ಕೊಡಿ. ಮಷೀನ್ ಒಳಗೆ ಹೋಗುವುದು ರೀಡ್ ಸ್ವಿಚ್ಚಿನ ಎರಡು ವೈರ್ ಮಾತ್ರ. ಅವು ಬಾಯ್ಲರಿಗೂ ಬೇರೆ ವೈರಿನ ಕನೆಕ್ಟರಿಗೂ ತಾಗದ ಹಾಗೆ ಕಟ್ಟಿ.

ರೀಡ್ ಸ್ವಿಚ್ಚಿನ ಕಾಲು ಬಗ್ಗಿಸುವಾಗ ಗಾಜಿನ ಬುಡವನ್ನು ಇಕ್ಕಳದಲ್ಲಿ ಹಿಡಿದು ಆಮೇಲೆ ಬಗ್ಗಿಸಿ. ಇಲ್ಲದಿದ್ದರೆ ಟಿಕ್ ಅಂತ ಒಂದು ಸದ್ದು, ಅಲ್ಲಿಗೆ ಸ್ವಿಚ್ ಹೋಯಿತು. ನಾನು ಮೂರು ಕಳೆದುಕೊಂಡೇ ಕಲಿತದ್ದು. ಪ್ಲಾಸ್ಟಿಕ್ ಕವಚದ್ದು ಸಿಕ್ಕರೆ ಇನ್ನೂ ವಾಸಿ.

ಹೊಸಬ_ಹಾಸನ · ಶನಿವಾರ ಮಧ್ಯಾಹ್ನ 2:30

ಸಾರ್, ನನ್ನ ಹತ್ತಿರ ಎಸ್‌ಡಬ್ಲ್ಯೂ-420 ವೈಬ್ರೇಶನ್ ಸೆನ್ಸರ್ ಸುಮ್ನೆ ಬಿದ್ದಿದೆ. ಮಷೀನಿನ ಹೊರಗೆ ಅಂಟಿಸಿದರೆ ಮುಚ್ಚಳವನ್ನೂ ತೆಗೆಯಬೇಕಿಲ್ಲ ಅಲ್ವಾ?

ಬೆಸುಗೆಕಡ್ಡಿ · ಶನಿವಾರ ಮಧ್ಯಾಹ್ನ 2:51

ಮಾಡಿ ನೋಡಿದ್ದೇನೆ. ಅದೇ ಕಟ್ಟೆ ಮೇಲೆ ಗ್ರೈಂಡರ್ ಹಾಕಿದರೂ ಎಣಿಸುತ್ತದೆ. ಹೆಂಡತಿ ತೆಂಗಿನಕಾಯಿ ಒಡೆದಾಗಲೂ ಎಣಿಸಿತು.

ಕಾಫಿಪಾತ್ರೆ · ಮರುದಿನ ಭಾನುವಾರ ರಾತ್ರಿ 10:18

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್‌ಪಿ ರೋಡಿಗೆ ನಿನ್ನೆ ಸಂಜೆಯೇ ಹೋಗಿ ಬಂದೆ. ಎಲ್ಲ ಸೇರಿ ಐನೂರು ರೂಪಾಯಿ ಚಿಲ್ಲರೆ ಆಯಿತು. ಪಾರ್ಕಿಂಗಿಗೆ ಅಲೆದದ್ದು ಬೇರೆ ಲೆಕ್ಕ.

ಮಷೀನ್ ಮೇಲಿನ ಮುಚ್ಚಳಕ್ಕೆ ಎರಡೇ ಸ್ಕ್ರೂ. ಪ್ಲಗ್ ಕಿತ್ತು ಊಟದ ಟೇಬಲ್ ಮೇಲೆ ಇಟ್ಟೆ, ಕಣ್ಣೆದುರಿಗೆ. ರೀಡ್ ಸ್ವಿಚ್ಚನ್ನು ಪಂಪಿನ ಉದ್ದಕ್ಕೆ ಮಲಗಿಸಿ ಕಾವು ತಡೆಯುವ ಟೇಪಿನಲ್ಲಿ ಸುತ್ತಿದೆ. ಮೊದಲು ಅಡ್ಡಕ್ಕೆ ಇಟ್ಟಿದ್ದೆ, ಅಲುಗಲೇ ಇಲ್ಲ. ಉದ್ದಕ್ಕೆ ತಿರುಗಿಸಿದ ಮೇಲೆ ಮಲ್ಟಿಮೀಟರ್ ಬೀಪ್ ಅಂತ ಕಿರುಚತೊಡಗಿತು. ಆ ಹೊತ್ತಿಗೆ ಮುಚ್ಚಳ ವಾಪಸ್ ಹಾಕಿದ್ದೆ, ವೈರ್ ಮಾತ್ರ ಹೊರಗೆ. ಹೆದರಬೇಡಿ.

ಈಗ ಎರಡು ಗೋಳು. ಒಂದು, ಬೋರ್ಡ್ ಕೆಲವು ಸಲ ಏಳುವುದೇ ಇಲ್ಲ. ಎರಡು, ಎದ್ದರೂ ಪರದೆಯಲ್ಲಿ 0.0, 0.0, 0.0 ಅಂತ ಮಿನುಗುತ್ತಲೇ ಇರುತ್ತದೆ. ಮುಂದಕ್ಕೆ ಹೋಗುವುದೇ ಇಲ್ಲ. ಅಮ್ಮ ನೋಡಿ "ನಾನೇ ವಾಸಿ" ಅಂದರು.

ಬೆಸುಗೆಕಡ್ಡಿ · ಭಾನುವಾರ ರಾತ್ರಿ 11:02

ರೀಡ್ ಸ್ವಿಚ್ ಯಾವ ಪಿನ್ನಿಗೆ ಹಾಕಿದ್ದೀರಿ? ಡಿ8 ಇರಬೇಕು ಅಂತ ನನ್ನ ಗುಮಾನಿ. ನಿಮ್ಮ ಬೋರ್ಡಿನಲ್ಲಿರುವ ಇಎಸ್‌ಪಿ8266 ಚಿಪ್ ಏಳುವಾಗ ಆ ಪಿನ್ ಕೆಳಗೆ, ಅಂದರೆ ಸೊನ್ನೆ ವೋಲ್ಟಿನಲ್ಲಿ ಇರಲೇಬೇಕು. ನೀವು ಪುಲ್-ಅಪ್ ರೆಸಿಸ್ಟರ್ ಹಾಕಿ ಮೇಲಕ್ಕೆ ಎಳೆದರೆ ಅದು ಮಲಗೇ ಇರುತ್ತದೆ. ಡಿ3, ಡಿ4 ಕೂಡ ಇದೇ ಜಾತಿಯ ತಕರಾರಿನ ಪಿನ್ನುಗಳು. ಡಿ5ಕ್ಕೆ ಹಾಕಿ. ಪರದೆಗೆ ಡಿ1, ಡಿ2.

0.0 ಯಾಕೆಂದರೆ, ನಿಮ್ಮ ಪ್ರೋಗ್ರಾಂ ಪ್ರತಿ ಏಟನ್ನೂ ಹೊಸ ಶಾಟ್ ಅಂತ ತಿಳಿಯುತ್ತಿದೆ. ಸ್ವಿಚ್ ತೆರೆದಾಗ ಪಂಪ್ ನಿಂತಿತು ಅಂದುಕೊಳ್ಳುತ್ತದೆ. ನಿಜಕ್ಕೂ ಅದು 20 ಮಿಲಿಸೆಕೆಂಡಿನಲ್ಲಿ ಮತ್ತೆ ಮುಚ್ಚುತ್ತದೆ. ಮುಚ್ಚಿದೆಯೋ ತೆರೆದಿದೆಯೋ ಅಂತ ನೋಡಲೇಬೇಡಿ. ಕೊನೆಯ ಏಟು ಬಂದು ಎಷ್ಟು ಹೊತ್ತಾಯಿತು ಅಂತ ನೋಡಿ. ಅರ್ಧ ಸೆಕೆಂಡ್ ಏಟೇ ಇಲ್ಲದಿದ್ದರೆ ಪಂಪ್ ನಿಂತಿದೆ ಅಂತ ಅರ್ಥ. ಶುರುವಿಗೂ ಹಾಗೇ. ಒಂದು ಏಟಿಗೆ ನಂಬಬೇಡಿ, 100 ಮಿಲಿಸೆಕೆಂಡಿನಲ್ಲಿ ಮೂರು ಬಂದರೆ ನಂಬಿ. ಫ್ರಿಜ್ ಆನ್ ಆದಾಗ ವೈರಿನಲ್ಲಿ ಒಂದು ಸುಳ್ಳು ಏಟು ಬರುವುದುಂಟು.

ಇಂಟರಪ್ಟ್ ಬಳಸಿ, ಅಂದರೆ ಏಟು ಬಂದ ಕ್ಷಣದಲ್ಲೇ ಚಿಪ್ಪಿಗೆ ಗೊತ್ತಾಗುವ ಹಾಗೆ. ಪ್ರೋಗ್ರಾಮನ್ನು ಸುಮ್ಮನೆ ಕಾಯಿಸುವ ಡಿಲೇ ಎಲ್ಲೂ ಹಾಕಬೇಡಿ, ಬೋರ್ಡಿನ ಒಳಗಡಿಯಾರವಾದ ಮಿಲಿಸ್ ಲೆಕ್ಕದಲ್ಲೇ ಎಲ್ಲ ಮಾಡಿ.

ಕಾಫಿಪಾತ್ರೆ · ಸೋಮವಾರ ಬೆಳಗ್ಗೆ 7:31

ಡಿ8ನೇ! ಹೇಗೆ ಕಂಡುಹಿಡಿದಿರಿ ಗುರುಗಳೇ?

ಓಡುತ್ತಿದೆ. ಮೊದಲ ಶಾಟ್ 22.9. ಪುಡಿಯನ್ನು ಇನ್ನೂ ನುಣ್ಣಗೆ ಮಾಡಿದೆ, 27.4.

ಆದರೆ ಮೊಬೈಲಿಗೆ ಹೋಲಿಸಿದರೆ ಯಾವಾಗಲೂ ಅರ್ಧ ಸೆಕೆಂಡ್ ಜಾಸ್ತಿ ತೋರಿಸುತ್ತಿತ್ತು. ಆಮೇಲೆ ಹೊಳೆಯಿತು, ಪಂಪ್ ನಿಂತಿತೇ ಅಂತ ಕಾಯುವ ಆ ಅರ್ಧ ಸೆಕೆಂಡನ್ನೂ ನಾನೇ ಲೆಕ್ಕಕ್ಕೆ ಸೇರಿಸುತ್ತಿದ್ದೆ. ಈಗ ಕೊನೆಯ ಏಟಿನ ಸಮಯದಿಂದ ಶುರುವಿನ ಸಮಯ ಕಳೆಯುತ್ತೇನೆ. ಸರಿಹೋಯಿತು. ಇನ್ನೊಂದು, 10 ಸೆಕೆಂಡಿಗಿಂತ ಕಡಿಮೆ ಓಡಿದರೆ ಅದನ್ನು ಶಾಟ್ ಅಂತ ಉಳಿಸುವುದಿಲ್ಲ. ಸುಮ್ನೆ ನೀರು ಬಿಟ್ಟು ತೊಳೆದದ್ದು ಕೊನೆಯ ಶಾಟನ್ನು ಅಳಿಸಿಹಾಕುತ್ತಿತ್ತು.

ಹೊಸಬ_ಹಾಸನ · ಸೋಮವಾರ ಬೆಳಗ್ಗೆ 9:10

ಸೆಕೆಂಡಿಗೆ 50 ಸಲ ಬಡಿದುಕೊಂಡರೆ ರೀಡ್ ಸ್ವಿಚ್ ಎಷ್ಟು ದಿನ ಬಾಳುತ್ತದೆ?

ಬೆಸುಗೆಕಡ್ಡಿ · ಸೋಮವಾರ ಬೆಳಗ್ಗೆ 9:48

ಒಳ್ಳೇ ಪ್ರಶ್ನೆ. 30 ಸೆಕೆಂಡಿನ ಶಾಟಿಗೆ 1500 ಏಟು. ದಿನಕ್ಕೆ ನಾಲ್ಕು ಶಾಟ್ ಅಂದರೆ 6000. ವರ್ಷಕ್ಕೆ ಸುಮಾರು 22 ಲಕ್ಷ. ಇಷ್ಟು ಸಣ್ಣ ಕರೆಂಟಿಗೆ ರೀಡ್ ಸ್ವಿಚ್ಚುಗಳು ಕೋಟಿ ಲೆಕ್ಕದಲ್ಲಿ ಬಾಳುತ್ತವೆ. ಮಷೀನಿನ ಗ್ಯಾಸ್ಕೆಟ್ ಅದಕ್ಕಿಂತ ಎಷ್ಟೋ ಮೊದಲು ಹೋಗುತ್ತದೆ.

ಮನಸ್ಸಿಗೆ ಸಮಾಧಾನ ಬೇಕಿದ್ದರೆ ಅಯಸ್ಕಾಂತದ ಬಲ ಅರಿಯುವ ಚಿಪ್, ಅಂದರೆ ಹಾಲ್ ಸೆನ್ಸರ್ ಹಾಕಿ, ಎ3144 ಥರದ್ದು. ಅಲುಗಾಡುವ ಭಾಗವೇ ಇಲ್ಲ. ಆದರೆ ಅದು ಅಯಸ್ಕಾಂತದ ಒಂದು ಧ್ರುವಕ್ಕೆ ಮಾತ್ರ ಕೇಳುತ್ತದೆ. ಕೆಲಸ ಮಾಡದಿದ್ದರೆ ಬೆನ್ನು ತಿರುಗಿಸಿ ಅಂಟಿಸಿ.

ಡಲ್ಲಾಸ್‌ದೋಸೆ · ಸೋಮವಾರ ರಾತ್ರಿ 8:55

ಟೆಕ್ಸಾಸಿನಿಂದ ನಮಸ್ಕಾರ. ಇಲ್ಲಿ 60 ಹರ್ಟ್ಸ್, ಆದ್ದರಿಂದ ನಮಗೆ ಏಟು 60. ಲೆಕ್ಕ ಅದೇ.

ನನ್ನದು ರೋಟರಿ, ಅಂದರೆ ತಿರುಗುವ ಮೋಟರ್ ಇರುವ ಪಂಪಿನ ಮಷೀನ್. ಅದರಲ್ಲಿ ಈ ರೀಡ್ ಸ್ವಿಚ್ ಉಪಾಯ ನಡೆಯಲಿಲ್ಲ. ಪಂಪಿಗೆ ಹೋಗುವ ವೈರಿಗೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಬಳೆ ತೊಡಿಸಿದೆ, ವೈರ್ ಕತ್ತರಿಸದೆ ಅದರಲ್ಲಿ ಹರಿಯುವ ಕರೆಂಟ್ ಅಳೆಯುವುದು ಅದು. ಒಂದೇ ವೈರಿಗೆ ತೊಡಿಸಬೇಕು. ಎರಡನ್ನೂ ಸೇರಿಸಿ ತೊಡಿಸಿ ಸೊನ್ನೆ ಬರುತ್ತದೆ ಅಂತ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಅಳಿಸಿಬಿಡುತ್ತವೆ.

ಇನ್ನೊಂದು ಜಗಳ ಎಬ್ಬಿಸುತ್ತೇನೆ. ಎಣಿಕೆ ಪಂಪಿನಿಂದಲಾ, ಮೊದಲ ಹನಿಯಿಂದಲಾ? ನನ್ನ ಮಷೀನಿನಲ್ಲಿ ಪುಡಿ ನೆನೆಸುವ ಹಂತವೇ 6 ಸೆಕೆಂಡ್ ಇದೆ. ಪಂಪಿನಿಂದ ಎಣಿಸಿದರೆ 33, ಹನಿಯಿಂದ ಎಣಿಸಿದರೆ 27. ಕಾಫಿ ಒಂದೇ.

ಎರಡನೇಲೋಟ · ಸೋಮವಾರ ರಾತ್ರಿ 9:20

ನೋಡಿ, ಇದಕ್ಕೇ ನಾನು ಹೇಳಿದ್ದು. ಒಂದೇ ಕಾಫಿಗೆ ಎರಡು ಸಂಖ್ಯೆ.

ಬೆಸುಗೆಕಡ್ಡಿ · ಸೋಮವಾರ ರಾತ್ರಿ 9:41

ಯಾವುದರಿಂದ ಬೇಕಾದರೂ ಎಣಿಸಿ, ದಿನಾ ಅದರಿಂದಲೇ ಎಣಿಸಿ. ಪಂಪಿನಿಂದ ಎಣಿಸಿದರೆ ಮನುಷ್ಯನ ಕೈ ಮಧ್ಯೆ ಬರುವುದಿಲ್ಲ, ಅದೇ ಲಾಭ. ಹನಿ ಯಾವಾಗ ಬಿತ್ತು ಅನ್ನುವುದರಲ್ಲಿ ನನ್ನ ಕಣ್ಣಿಗೂ ನಿಮ್ಮ ಕಣ್ಣಿಗೂ ಎರಡು ಸೆಕೆಂಡ್ ವ್ಯತ್ಯಾಸ ಇರುತ್ತದೆ.

ಕಳಸದಮಳೆ · ಮಂಗಳವಾರ ಬೆಳಗ್ಗೆ 6:15

ನಾನು ಕಾಫಿ ಬೆಳೆಯುವವಳು, ವೈರಿನ ವಿಷಯ ಗೊತ್ತಿಲ್ಲ. ಆದರೆ ಒಂದು ಮಾತು. ಸಮಯ ಅನ್ನುವುದು ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ. 102 ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಹುರಿದು ಎರಡು ದಿನ ಆದ ಬೀಜ, ಇಪ್ಪತ್ತು ದಿನ ಆದ ಬೀಜ ಒಂದೇ ಗ್ರೈಂಡಿಗೆ ಬೇರೆ ಬೇರೆ ಓಡುತ್ತವೆ. ನಮ್ಮ ಮನೆಯಲ್ಲಿ ಎಸ್795 ಎಂಬ ಅರೇಬಿಕಾ ತಳಿಗೆ ಒಂದು, ರೊಬಸ್ಟಾ ಬೆರೆಸಿದ್ದಕ್ಕೆ ಒಂದು, ಹೀಗೆ ಗ್ರೈಂಡರಿನಲ್ಲಿ ಎರಡು ಗುರುತು ಮಾಡಿಟ್ಟಿದ್ದೇವೆ.

ಆಷಾಢದಲ್ಲಿ ಡಬ್ಬಿ ತೆರೆದಿಟ್ಟರೆ ಬೀಜ ಪಸೆ ಎಳೆದುಕೊಳ್ಳುತ್ತದೆ. ಆಗ ಅದೇ ಗುರುತು ಕೆಲಸಕ್ಕೆ ಬರುವುದಿಲ್ಲ. ದಿನಾ ತೂಕ, ಸಮಯ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮತ್ತೆ ದಯವಿಟ್ಟು ಚಿಕೋರಿ ಬೆರೆಸಿದ ಪುಡಿ ಹಾಕಬೇಡಿ. ನಮ್ಮ ಭಾವ ಹಾಕಿದ್ದರು. ಒಂದು ನಿಮಿಷ ಆದರೂ ತೊಟ್ಟು ತೊಟ್ಟೇ ಬೀಳುತ್ತಿತ್ತು.

ಕಾಫಿಪಾತ್ರೆ · ಎರಡು ವಾರದ ನಂತರ, ಭಾನುವಾರ ಬೆಳಗ್ಗೆ 10:07

ಮೇಡಂ ಹೇಳಿದ ಹಾಗೆ ಬರೆದಿಟ್ಟೆ. ಈಗ ಹೊಸ ತಲೆನೋವು.

ಅದೇ ಬೀಜ, ಅದೇ ಗ್ರೈಂಡ್, 18 ಗ್ರಾಂ, 36 ಗ್ರಾಂ. ಬೆಳಗ್ಗೆ ಏಳಕ್ಕೆ ದಿನಕ್ಕೊಂದು ಶಾಟ್, 27.1, 26.8, 27.5. ಸಂಜೆ ಆರೂವರೆಗೆ 33.0, 34.2, 32.6. ಹತ್ತು ದಿನದಿಂದ ಹೀಗೇ. ಸಂಜೆಯ ಕಾಫಿ ಯಾಕೋ ಕಹಿ ಅಂತ ಅಮ್ಮ ಹೇಳುತ್ತಲೇ ಇದ್ದರು. ನಾನು ಬಾಯಿರುಚಿ ಕೆಟ್ಟಿದೆ ಅಂದುಕೊಂಡಿದ್ದೆ.

ಪಂಪ್ ಕಾದು ನಿಧಾನ ಆಗುತ್ತದಾ? ಆದರೆ ಸಂಜೆಯದು ದಿನದ ಎರಡನೇ ಶಾಟ್ ಅಷ್ಟೇ. ಮಧ್ಯೆ ಹನ್ನೊಂದು ಗಂಟೆ ಮಷೀನ್ ಆಫ್.

ಕಳಸದಮಳೆ · ಭಾನುವಾರ ಬೆಳಗ್ಗೆ 10:30

ಪಸೆ ಇರಲಾರದು. ಬೆಳಗ್ಗೆ ಒಂದು, ಸಂಜೆ ಒಂದು ಅಂತ ಇಷ್ಟು ಕರಾರುವಾಕ್ಕಾಗಿ ಮಳೆ ಬರುವುದಿಲ್ಲ. ಗ್ರೈಂಡರಿನಲ್ಲಿ ಬೆಳಗಿನ ಪುಡಿ ಉಳಿದಿರುತ್ತದಾ?

ಕಾಫಿಪಾತ್ರೆ · ಭಾನುವಾರ ಬೆಳಗ್ಗೆ 10:34

ಇಲ್ಲ ಮೇಡಂ, ಪ್ರತಿ ಸಲ ಎರಡು ಗ್ರಾಂ ಅರೆದು ಎಸೆದು ಆಮೇಲೆ ಶುರು ಮಾಡುವುದು.

ಫ್ಯೂಸ್‌ಹೋಯ್ತು · ಭಾನುವಾರ ಬೆಳಗ್ಗೆ 11:15

ಸಂಜೆ ಆರೂವರೆಗೆ ನಿಮ್ಮ ಬಿಲ್ಡಿಂಗಿನಲ್ಲಿ ನೀರಿನ ಮೋಟರ್ ಹಾಕುತ್ತಾರಾ?

ಕಾಫಿಪಾತ್ರೆ · ಭಾನುವಾರ ಬೆಳಗ್ಗೆ 11:19

ಹಾಕುತ್ತಾರೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ. ಓನರ್ ಆಂಟಿ ಆರೂಕಾಲಿಗೆ ಹಾಕಿ ಏಳಕ್ಕೆ ಆಫ್ ಮಾಡುತ್ತಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಫ್ಯೂಸ್‌ಹೋಯ್ತು · ಭಾನುವಾರ ಬೆಳಗ್ಗೆ 11:50

ನೇರ ಸಂಬಂಧ. ನಿಮ್ಮ ಪಂಪ್ ಬರೀ ಕಾಯಿಲ್, ವೋಲ್ಟೇಜನ್ನು ಸಮನಾಗಿ ಇಡುವ ಸರ್ಕ್ಯೂಟ್ ಯಾವುದೂ ಇಲ್ಲ. ವೋಲ್ಟೇಜ್ ಇಳಿದರೆ ಎಳೆತ ಇಳಿಯುತ್ತದೆ, ಪ್ರತಿ ಏಟಿಗೂ ನೀರು ಕಡಿಮೆ ಹೋಗುತ್ತದೆ. ಏಟಿನ ಸಂಖ್ಯೆ ಮಾತ್ರ ಅದೇ 50, ಆದ್ದರಿಂದ ಸದ್ದಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹಳೇ ಮನೆ, ಕಂಬದಿಂದ ಬರುವ ವೈರ್ ಸಣ್ಣದು, ಸಂಜೆ ಎಲ್ಲರ ಮನೆಯಲ್ಲೂ ಲೋಡ್, ಮೇಲೆ ಮೋಟರ್. ಸಾಲದ್ದಕ್ಕೆ ನಿಮ್ಮ ಬಾಯ್ಲರೇ 1400 ವ್ಯಾಟ್ ಹತ್ತಿರ ಎಳೆಯುತ್ತದೆ.

ಕಾವಿನ ಲೆಕ್ಕ ಇನ್ನೂ ಜೋರು. 230ರಿಂದ 200ಕ್ಕೆ ಇಳಿದರೆ ಹೀಟರಿನ ಶಕ್ತಿ ಹತ್ತಿರಹತ್ತಿರ ಕಾಲುಭಾಗ ಹೋಯಿತು, ಯಾಕೆಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ.

ಸಾಕೆಟ್ಟಿಗೆ ಚುಚ್ಚುವ ವೋಲ್ಟ್‌ಮೀಟರ್ ತಂದು ಪಕ್ಕದ ಪಾಯಿಂಟಿಗೆ ಹಾಕಿ. ಪುಡಿ ಹಾಕದೆ ಬರೀ ನೀರು 30 ಸೆಕೆಂಡ್ ಬಿಟ್ಟು ತೂಗಿ. ಮೋಟರ್ ಇಲ್ಲದಾಗ ಒಂದು ಸಲ, ಇದ್ದಾಗ ಒಂದು ಸಲ. ಪುಡಿಯ ಮೇಲಿನ ಅನುಮಾನ ಅಲ್ಲಿಗೆ ಪರಿಹಾರ.

ಕಾಫಿಪಾತ್ರೆ · ಭಾನುವಾರ ಸಂಜೆ 7:22

ಆಂಟಿಯನ್ನು ಕೇಳಿಕೊಂಡು ಮಧ್ಯಾಹ್ನವೇ ಒಂದು ಸಲ ಮೋಟರ್ ಹಾಕಿಸಿದೆ. "ಕಾಫಿಗೂ ನನ್ನ ಮೋಟರಿಗೂ ಏನಪ್ಪಾ?" ಅಂದರು. ನನ್ನದೂ ಬೆಳಗ್ಗೆ ಅದೇ ಪ್ರಶ್ನೆ ಆಗಿತ್ತು.

ಮೋಟರ್ ಇಲ್ಲದೆ: 224 ವೋಲ್ಟ್, 30 ಸೆಕೆಂಡಿಗೆ 238 ಗ್ರಾಂ ನೀರು.
ಮೋಟರ್ ಹಾಕಿದ ಮೇಲೆ: 209 ವೋಲ್ಟ್, 214 ಗ್ರಾಂ.
ಸಂಜೆ ಆರೂವರೆ, ಮೋಟರ್ ಜೊತೆ: 196 ವೋಲ್ಟ್, 191 ಗ್ರಾಂ.

ಮೂರು ಸಲವೂ ಟೈಮರ್ ನೋಡಿಕೊಂಡು ಸರಿಯಾಗಿ 30.0ಕ್ಕೆ ನಾನೇ ನಿಲ್ಲಿಸಿದೆ. ಅಮ್ಮನ ಎಣಿಕೆಯಲ್ಲಿ ಇದು ಯಾವತ್ತೂ ಸಿಗುತ್ತಿರಲಿಲ್ಲ, ಅವರ ಸೆಕೆಂಡೂ ಸಂಜೆ ಹೊತ್ತಿಗೆ ಸ್ವಲ್ಪ ಉದ್ದ ಆಗಿರುತ್ತದೆ.

ಸ್ಟೆಬಿಲೈಜರ್ ಹಾಕಬೇಕಾ?

ಫ್ಯೂಸ್‌ಹೋಯ್ತು · ಭಾನುವಾರ ಸಂಜೆ 7:40

ಹಾಕಬಹುದು. 2 ಕೆವಿಎಗೆ ಕಡಿಮೆ ಬೇಡ. ದುಡ್ಡು, ಜಾಗ, ಗುಂಯ್ ಸದ್ದು ಎಲ್ಲ ಇದೆ. ಅಥವಾ ಕಾಫಿಯನ್ನು ಆರು ಗಂಟೆಗೇ ಕುಡಿಯಿರಿ.

ಎರಡನೇಲೋಟ · ಭಾನುವಾರ ಸಂಜೆ 8:05

ಒಂದು ಒಪ್ಪಿಗೆ. ನಾನೂ ಸಂಜೆ ಕಾಫಿ ಚೆನ್ನಾಗಿ ಬರಲ್ಲ ಅಂತ ಎರಡು ವರ್ಷದಲ್ಲಿ ಮೂರು ಅಂಗಡಿ ಬೀಜ ಬದಲಾಯಿಸಿದ್ದೇನೆ. ನಮ್ಮ ಬಿಲ್ಡಿಂಗಿನಲ್ಲೂ ಆರೂವರೆಗೇ ಮೋಟರ್. ಆ ರೀಡ್ ಸ್ವಿಚ್ ಎಲ್ಲಿ ಸಿಗುತ್ತದೆ ಅಂದಿರಿ?

ಹೊಸಬ_ಹಾಸನ · ಸೋಮವಾರ ಬೆಳಗ್ಗೆ 8:20

ನನ್ನದೂ ನಿನ್ನೆ ರಾತ್ರಿ ಓಡಿತು! ಪರದೆ ಎಲ್ಲಿ ಅಂಟಿಸಿದ್ದೀರಿ ಅಣ್ಣಾ? ಫೋಟೋ ಹಾಕಿ. ಹಾಲು ಕಾಯಿಸುವ ಹಬೆ ಕೊಳವೆ, ಅಂದರೆ ಸ್ಟೀಮ್ ವ್ಯಾಂಡಿನಿಂದ ಬಿಸಿನೀರು ತೆಗೆದಾಗಲೂ ಎಣಿಸುತ್ತದೆ, ಅದು ಸರಿಯಾ?

ಕಾಫಿಪಾತ್ರೆ · ಸೋಮವಾರ ಬೆಳಗ್ಗೆ 8:45

ಸರಿಯೇ. ಆಗಲೂ ಪಂಪ್ ಓಡುತ್ತದಲ್ಲ, ಟೈಮರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನು ಹಾಗೇ ಬಿಟ್ಟಿದ್ದೇನೆ. ಎರಡು ನಿಮಿಷ ಸುಮ್ಮನಿದ್ದರೆ ಪರದೆ ಆರುವ ಹಾಗೆ ಮಾಡಿ. ಓಎಲ್‌ಇಡಿಯಲ್ಲಿ ಒಂದೇ ಅಂಕಿ ದಿನಗಟ್ಟಲೆ ನಿಂತರೆ ಅದರ ಕಲೆ ಉಳಿಯುತ್ತದೆ.

ಫೋಟೋ ಈಗ ಇಲ್ಲ. ಪರದೆಯನ್ನು ಎರಡೂ ಕಡೆ ಅಂಟುವ ಟೇಪಿನಲ್ಲಿ ಮುಂಭಾಗಕ್ಕೆ, ಸ್ವಿಚ್ಚುಗಳ ಪಕ್ಕಕ್ಕೆ ಅಂಟಿಸಿದ್ದೆ. ಇವತ್ತು ಬೆಳಗ್ಗೆ ಹಾಲು ಕಾಯಿಸುವಾಗ ಕಾವಿಗೆ ಟೇಪ್ ಮೆತ್ತಗಾಗಿ ಜಾರಿತು. ಪರದೆ ಸೀದಾ ಡ್ರಿಪ್ ಟ್ರೇಗೆ, ಮುಖ ಕೆಳಗೆ. ಹೊಸದು ಗುರುವಾರ ಬರುತ್ತದಂತೆ. ಅಲ್ಲಿಯವರೆಗೆ ಅಮ್ಮನೇ ಎಣಿಸುವುದು. ಸಂಜೆ ಆರಕ್ಕೆ ಮುಂಚೆ ಕರೆದರೆ ಮಾತ್ರ ಬರುತ್ತಾರಂತೆ, ಆಮೇಲೆ ಧಾರಾವಾಹಿ.